ಎಳೆದು ನೋಡುವ ಕೈ

ಬೀಗದವನನ್ನು ಅವಳು ಮೊದಲು ನೋಡಿದ್ದು ತವರಿನ ನಡುಕೋಣೆಯಲ್ಲಿ. ಕಬ್ಬಿಣದ ಬೀರುವಿನ ಕೀ ಕಳೆದಿತ್ತು. ಅವನು ಮಂಡಿಯೂರಿ, ಬಾಗಿಲಿಗೆ ಕಿವಿಯಾನಿಸಿ, ತಂತಿಯೊಂದನ್ನು ಒಳಗೆ ಆಡಿಸಿದ. ಬೀರು ಬಾಯಿಬಿಟ್ಟಿತು. ಹೊಸ ಕೀ ಮಾಡಿಕೊಟ್ಟು, ಬೀಗ ಹಾಕಿ, ಹಿಡಿಕೆ ಎಳೆದು ನೋಡಿದ. ಮೆಟ್ಟಿಲಿಳಿದವನು ವಾಪಸ್ ಬಂದು ಮತ್ತೆ ಎಳೆದ. "ಎಷ್ಟು ಅಚ್ಚುಕಟ್ಟು ನೋಡು" ಎಂದರು ಅಪ್ಪ. ಅವಳಿಗೂ ಹಾಗೇ ಅನಿಸಿತು.

ಅದು ಅಚ್ಚುಕಟ್ಟಲ್ಲ, ಕಾಟ ಎಂದು ತಿಳಿದದ್ದು ಅವನನ್ನೇ ಮದುವೆಯಾದ ಮೇಲೆ. ಬೀಗಗಳು ಎಷ್ಟು ಸುಲಭವಾಗಿ ತೆರೆಯುತ್ತವೆಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಅಂಗಡಿ ಮುಚ್ಚಿ ಹೊರಟವನು ಅರ್ಧ ದಾರಿಯಿಂದ ತಿರುಗುತ್ತಿದ್ದ. ಊಟಕ್ಕೆ ಕೂತವನು ಕೈತೊಳೆದು ಬೀಗ ಎಳೆದು ನೋಡಲು ಓಡುತ್ತಿದ್ದ. ಕೊನೆಗೊಂದು ಬೆಳಿಗ್ಗೆ, "ಮನಸ್ಸಿಗೆ ನೆಮ್ಮದಿ ಇಲ್ಲ. ಎಲ್ಲ ಬಿಟ್ಟುಬಿಡ್ತೀನಿ" ಎಂದು ಹೇಳಿ ಊರಾಚೆಯ ಆಶ್ರಮ ಸೇರಿದ.

ಅವಳು ಅತ್ತಿದ್ದು ಮಧ್ಯಾಹ್ನದವರೆಗೆ. ಆಮೇಲೆ ಗೋಡೆಯ ಮೊಳೆ ಕಣ್ಣಿಗೆ ಬಿತ್ತು. ಅರ, ತಂತಿ, ಇಕ್ಕಳ ತುಂಬಿದ ಚೀಲ ಅಲ್ಲಿರಲಿಲ್ಲ.

"ಎಲ್ಲ ಬಿಟ್ಟವರಿಗೆ ಇಕ್ಕಳ ಯಾಕೆ?" ಎಂದಳು ನಾದಿನಿಗೆ.

"ಸ್ವರ್ಗದ ಬಾಗಿಲು ಜಾಮ್ ಆಗಿರಬೇಕು, ಅತ್ತಿಗೆ."

"ನಗಬೇಡ. ಇನ್ನೊಂದೂರಲ್ಲಿ ಇನ್ನೊಂದು ಅಂಗಡಿ, ಇನ್ನೊಬ್ಬಳು. ನನಗೆ ವಾಸನೆ ಬಡೀತಿದೆ."

ಮರುದಿನವೇ ಆಶ್ರಮಕ್ಕೆ ಹೋದಳು. ಅವನು ಅಲ್ಲೇ ಇದ್ದ, ಬಿಳಿ ಬಟ್ಟೆಯಲ್ಲಿ, ಕಣ್ಣು ಮುಚ್ಚಿ. ಯಾವ ಕೋಣೆಯ ಬಾಗಿಲಿಗೂ ಬೀಗವಿರಲಿಲ್ಲ. ಚಿಲಕವಿದ್ದ ಜಾಗದಲ್ಲಿ ಸ್ಕ್ರೂ ತೂತುಗಳಷ್ಟೇ.

"ನಿಮ್ಮವರೇ ಬಿಚ್ಚಿದ್ದು, ತಾಯಿ" ಎಂದರು ಅಲ್ಲಿಯ ಹಿರಿಯರು. "ಬೀಗ ಇಲ್ಲದಿದ್ರೆ ಮನಸ್ಸು ಸುಮ್ಮನಿರುತ್ತಂತೆ. ಎಷ್ಟು ಶಾಂತವಾಗಿದ್ದಾರೆ ನೋಡಿ."

ಇನ್ನೊಬ್ಬಳ ಬಗೆಗಿನ ಸಂಶಯ ಅಲ್ಲಿಗೆ ಹೋಯಿತು. ಆದರೆ ಆ ಶಾಂತಿಯನ್ನು ಅವಳು ನಂಬಲಿಲ್ಲ. ನಿಜವಾಗಿದ್ದರೆ ಗಂಡ ಇನ್ನು ಮನೆಗೆ ಬರುವುದಿಲ್ಲ. ನಿಜವೋ ಅಲ್ಲವೋ, ಕಣ್ಣಾರೆ ನೋಡಿಯೇ ಹೋಗಬೇಕು. "ಬರ್ತೀನಿ" ಎಂದು ಹೊರಟವಳು ಕಾಂಪೌಂಡಿನ ಮೂಲೆ ತಿರುಗಿ ನಿಂತಳು. ಅವಳನ್ನು ಕಳಿಸಲು ಗೇಟಿನವರೆಗೆ ಬಂದಿದ್ದ ಅವನು ಅದನ್ನು ಮುಚ್ಚಿ ಒಳಗೆ ನಡೆದ. ನಡೆದವನು ತಿರುಗಿ ಬಂದ. ಗೇಟನ್ನು ಎಳೆದು ನೋಡಿದ.

"ಬೀಗಾನೇ ಇಲ್ವಲ್ಲ. ಏನ್ ನೋಡ್ತಿದ್ದೀರಿ?" ಎಂದಳು, ಮೂಲೆಯಿಂದ ಈಚೆ ಬಂದು.

ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತ. "ಗೊತ್ತಿಲ್ಲ ಕಣೇ. ಕೈ ಮಾತು ಕೇಳಲ್ಲ."

"ಹಾಗಾದ್ರೆ ಎಲ್ಲ ಬಿಡಬೇಡಿ. ಅದೊಂದನ್ನ ಬಿಡಿ. ಎಳೆದು ನೋಡೋದು ನನಗಿರಲಿ."

ಅವನು ಗೇಟಿನಿಂದ ಕೈ ತೆಗೆದು, ಚೀಲ ತರಲು ಒಳಗೆ ಹೋದ.

ಈಗ ಅವನು ಹಗಲೆಲ್ಲ ಅಂಗಡಿಯಲ್ಲಿ ಕೀ ಮಾಡುತ್ತಾನೆ. ಸಂಜೆ ಬೀಗ ಹಾಕಿ ಎಳೆದು ನೋಡುವವಳು ಅವಳು. ಅಷ್ಟು ಹೊತ್ತೂ ಅವನು ಬೆನ್ನ ಹಿಂದೆ ಕೈಕಟ್ಟಿಕೊಂಡು, ರಸ್ತೆಯ ಕಡೆ ಮುಖಮಾಡಿ ನಿಂತಿರುತ್ತಾನೆ.