ವಿಮಾನದ ಬಟ್ಟೆ ನೇಯ್ದ ಚನಮಲ್ಲಪ್ಪ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಬರೀ ಚನಮಲ್ಲಪ್ಪನ ಮನೆ ಎಂದು ಕೇಳಿದರೆ ಯಾವ ಚನಮಲ್ಲಪ್ಪ ಎನ್ನುತ್ತಿದ್ದರು. ವಿಮಾನದ ಚನಮಲ್ಲಪ್ಪ ಎಂದರೆ ಕಟ್ಟೆಯ ಮೇಲೆ ಮಲಗಿದವರೂ ಎದ್ದು ಕೈ ತೋರಿಸುತ್ತಿದ್ದರು. ಅವನು ವಿಮಾನ ಹತ್ತಿದವನಲ್ಲ, ಹತ್ತಿರದಿಂದ ನೋಡಿದವನೂ ಅಲ್ಲ. ವಿಮಾನದ ರೆಕ್ಕೆಗೆ ಬಟ್ಟೆ ನೇಯ್ದುಕೊಟ್ಟವನು. ಹಾಗೆಂದು ಅವನು ನಂಬಿದ್ದ. ಅವನು ಅಷ್ಟು ಗಟ್ಟಿಯಾಗಿ ನಂಬಿದ್ದರಿಂದ ಊರೂ ನಂಬಿತ್ತು.

ಅದು ಐವತ್ತೆಂಟರ ಮಾತು. ಸೋಲಾಪುರದ ಒಬ್ಬ ದಲಾಲ ಬಂದು, ಸೀರೆಯ ಸುದ್ದಿ ಎತ್ತದೆ, ಅಗಲ ಪನ್ನದ ಬಿಳಿ ಬಟ್ಟೆ ಇನ್ನೂರು ಗಜ ಬೇಕು, ಎಳೆಗೂ ಎಳೆಗೂ ನಡುವೆ ಗಾಳಿ ಹಾಯಬಾರದು ಎಂದ. ಅಷ್ಟು ಅಗಲದ ಮಗ್ಗ ಓಣಿಯಲ್ಲೇ ಇರಲಿಲ್ಲ. ಚನಮಲ್ಲಪ್ಪ ಪಡಸಾಲೆಯ ನೆಲ ಅಗೆದು, ಕಾಲು ಇಳಿಬಿಡಲು ಹೊಸ ಕುಣಿ ತೋಡಿ, ಬಡಿಗನನ್ನು ಎಂಟು ದಿನ ಮನೆಯಲ್ಲೇ ಉಣ್ಣಿಸಿ ದೊಡ್ಡ ಮಗ್ಗ ಹೂಡಿಸಿದ. ಮೂರು ತಿಂಗಳು ಆ ಕುಣಿಯಿಂದ ಊಟಕ್ಕೆ ಮಾತ್ರ ಏಳುತ್ತಿದ್ದ. ಹೆಂಡತಿ ಅನಸವ್ವ ಲಾಳಿಗೆ ನೂಲು ಸುತ್ತಿ ಸುತ್ತಿ ಬೆರಳು ಬಿರಿಸಿಕೊಂಡಳು. ಮಾಲು ಒಯ್ಯುವ ದಿನ ದಲಾಲ ಗಂಟಿನ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಏನೋ ಹೇಳಿದ. ಇದು ವಿಮಾನದ ಮಾಲು, ನೆಟ್ಟಗೆ ಕಟ್ಟು ಎಂದು ಚನಮಲ್ಲಪ್ಪನ ಕಿವಿಗೆ ಬಿತ್ತು. ಮತ್ತೆ ಬರುತ್ತೇನೆಂದು ಹೋದ ದಲಾಲ ಬರಲಿಲ್ಲ.

ಬರುತ್ತಾನೆ, ಇಂದಲ್ಲ ನಾಳೆ ಎಂದು ಚನಮಲ್ಲಪ್ಪ ಕಾದ. ಹೊಟ್ಟೆಪಾಡಿನ ಸೀರೆಯನ್ನು ಮೂಲೆಯ ಹಳೇ ಮಗ್ಗದಲ್ಲಿ ನೇಯ್ದ. ದೊಡ್ಡ ಮಗ್ಗವನ್ನು ಅಮಾವಾಸ್ಯೆಗೊಮ್ಮೆ ಒರೆಸಿ, ಪೂಜೆ ಮಾಡಿ, ಅದರ ಕುಣಿಯಲ್ಲಿ ಕಾಲಿಟ್ಟು ಸಂಜೆಯ ಚಹ ಕುಡಿಯುತ್ತಿದ್ದ. ಅಷ್ಟರಲ್ಲಿ ಓಣಿಯ ತುಂಬ ವಿದ್ಯುತ್ ಮಗ್ಗಗಳು ಬಂದು, ಗೋಡೆಗೆ ಗೋಡೆ ನಡುಗತೊಡಗಿದವು. ತಮ್ಮ ಧರೆಪ್ಪನೂ ಒಂದನ್ನು ತಂದ. ಇಡಲು ಜಾಗವಿಲ್ಲದೆ ಅದು ಹಿತ್ತಲಲ್ಲಿ ಗೋಣಿತಟ್ಟು ಹೊದ್ದು ಒಂದು ಮಳೆಗಾಲ ಕಳೆಯಿತು.

"ಅಣ್ಣಾ, ನಾ ಏನ ಮಗ್ಗ ಸುಡು ಅನ್ನಾಕತ್ತಿಲ್ಲ. ಜಾಗಾ ಬಿಡು ಅನ್ನಾಕತ್ತೇನಿ," ಎಂದ ಧರೆಪ್ಪ.

ಎಪ್ಪತ್ತೆರಡರಲ್ಲಿ ನೇಕಾರರ ಸೊಸಾಯಿಟಿಯವರು ಬೆಂಗಳೂರಿಗೆ ಬಸ್ಸು ಮಾಡಿದರು. ನೋಡುವ ಜಾಗಗಳ ಯಾದಿಯಲ್ಲಿ ವಿಮಾನ ಇಟ್ಟ ವಸ್ತುಸಂಗ್ರಹಾಲಯವೂ ಇತ್ತು, ವಿಮಾನ ಕಾರ್ಖಾನೆಯೂ ಇತ್ತು. ಸೊಸಾಯಿಟಿಯ ಕಾರ್ಯದರ್ಶಿ ಪ್ರಹ್ಲಾದರಾಯರು, ಜಮಖಂಡಿಯ ಕಡೆಯ ಮರಾಠಿ ಮನೆಮಾತಿನವರು, ಪತ್ರ ಬರೆದು ಬರೆದು ಪರವಾನಿಗೆ ತರಿಸಿದ್ದರು. ಹೊರಡುವ ಮುಂಜಾನೆ ಚನಮಲ್ಲಪ್ಪ ತಮ್ಮನಿಗೆ ಮಾತು ಕೊಟ್ಟ.

"ಕಾರಖಾನ್ಯಾಗ ನಾನ ಕೇಳಿ ಬರ್ತೇನಿ. ಮುಂದ ಬಟ್ಟಿ ಬೇಕಂದ್ರ ಮಗ್ಗ ಇರತೈತಿ. ಬ್ಯಾಡಂದ್ರ ನನ್ನ ಕೈಲೇ ಕಿತ್ತ ಕೊಡ್ತೇನಿ."

ಹದಿನಾಲ್ಕು ವರ್ಷ ಜೋಪಾನ ಮಾಡಿದ, ಆ ಮಾಲಿನದೇ ಒಂದು ಗೇಣು ಬಟ್ಟೆಯನ್ನು ಅಂಗಿಯ ಒಳಗಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ವಸ್ತುಸಂಗ್ರಹಾಲಯದ ವಿಮಾನಕ್ಕೆ ಸುತ್ತ ಹಗ್ಗ ಕಟ್ಟಿದ್ದರು. ನಮ್ಮವನಿಗೆ ಹಗ್ಗ ಯಾವ ಲೆಕ್ಕ? ಬಗ್ಗಿ ಒಳಗೆ ಹೋಗಿ ರೆಕ್ಕೆಗೆ ಬೆರಳಿನ ಗೆಣ್ಣಿನಿಂದ ಬಡಿದ. ಖಾಲಿ ಕೊಡದಂತೆ ಸದ್ದಾಯಿತು. ಕಾವಲುಗಾರ ಬೈದು ಹೊರಗೆ ಕರೆದ.

"ಏನೋ ಚನಮಲ್ಲಪ್ಪ, ನೀ ತಗಡ ನೇಯ್ದಿದ್ದೇನ?" ಎಂದು ಜೊತೆಯವರು ನಕ್ಕರು.

"ಇದು ಲಡಾಯಿ ವಿಮಾನ. ಸಣ್ಣ ವಿಮಾನಕ್ಕ ಬಟ್ಟೀನ ಇರತೈತಿ, ರಾಯರು ಪೇಪರಿನ್ಯಾಗ ಓದಿ ಹೇಳ್ಯಾರ," ಎಂದ ಚನಮಲ್ಲಪ್ಪ. ಅಂದನೇ ಹೊರತು ಮಧ್ಯಾಹ್ನ ಊಟ ಸೇರಲಿಲ್ಲ.

ಮರುದಿನ ಕಾರ್ಖಾನೆ. ಜಾತ್ರೆಯ ಬಯಲಿನಷ್ಟು ದೊಡ್ಡ ಸೆಡ್ಡುಗಳು. ಎಲ್ಲೆಲ್ಲೂ ಲೋಹ, ಎಲ್ಲೆಲ್ಲೂ ಮೊಳೆ. ಚನಮಲ್ಲಪ್ಪನ ನಡಿಗೆ ನಿಧಾನವಾಗುತ್ತ ಬಂತು. ಕೊನೆಯ ಸೆಡ್ಡಿನಲ್ಲಿ ಹೊಲಕ್ಕೆ ಔಷಧಿ ಹೊಡೆಯುವ ಸಣ್ಣ ವಿಮಾನವೊಂದು ನಿಂತಿತ್ತು. ಇಬ್ಬರು ಅದರ ರೆಕ್ಕೆಗೆ ಬಿಳಿ ಬಟ್ಟೆ ಎಳೆದು ಹೊಲಿಯುತ್ತಿದ್ದರು. ಇಪ್ಪತ್ತು ನೇಕಾರರೂ ಒಟ್ಟಿಗೆ ತಿರುಗಿ ಚನಮಲ್ಲಪ್ಪನ ಮುಖ ನೋಡಿದರು. ಅವನ ಕಣ್ಣು ತುಂಬಿದವು. ಆ ಗಳಿಗೆಯಲ್ಲಿ ಅವನಷ್ಟು ಸುಖಿ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಕಾರ್ಖಾನೆ ತೋರಿಸುತ್ತಿದ್ದ ಅಧಿಕಾರಿ, ಮುಟ್ಟಿ ನೋಡಿ ಎಂದರು. ಚನಮಲ್ಲಪ್ಪ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯ ಅಂಚು ಹಿಡಿದ. ಬೆರಳಿಗೆ ಮೊದಲು ತಿಳಿಯಿತು, ಅವನಿಗೆ ಆಮೇಲೆ. ಕೈಯಿಂದ ನೇಯ್ದ ಬಟ್ಟೆಯಲ್ಲಿ ನೇಕಾರ ಕೆಮ್ಮಿದ್ದು, ಆಕಳಿಸಿದ್ದು ಎಲ್ಲ ಇರುತ್ತದೆ. ಇದರಲ್ಲಿ ಯಾರೂ ಇರಲಿಲ್ಲ. ಆದರೂ ಒಳಗಿಸೆಯ ತುಂಡು ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದ.

"ಸಾಹೇಬರ, ಇಂಥಾದ್ದು ಐವತ್ತೆಂಟರಾಗ ನೀವು ತರಿಸಿಕೊಂಡಿದ್ರೇನ್ರಿ?"

ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಒಳ್ಳೇ ನೇಯ್ಗೆ ಯಜಮಾನ್ರೇ. ಆದ್ರೆ ನಾವು ಗಿರಣಿ ಬಟ್ಟೆ ಮಾತ್ರ ತಗೊಳ್ಳೋದು. ಜಗ್ಗಿ ಪರೀಕ್ಷೆ ಮಾಡಿ, ಮೊಹರು ಬಿದ್ದ ಮೇಲೇನೇ ರೆಕ್ಕೆಗೆ. ಕೈಮಗ್ಗದ್ದು ಒಂದು ಗೇಣೂ ತಗೊಂಡಿಲ್ಲ."

"ಐವತ್ತೆಂಟರಾಗೂ ಇಲ್ಲೇನ್ರಿ?"

"ನಾನು ಆಗ್ಲೂ ಇಲ್ಲೇ ಇದ್ದೆ," ಎಂದು ಅವರು ಬಟ್ಟೆಯನ್ನು ಮಡಚಿ, ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟರು. ಬೈದು ಕೊಟ್ಟಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಜೊತೆಯವರು ಈ ಸಲ ನಗಲಿಲ್ಲ.

ಬಸ್ಸಿನಲ್ಲಿ ಪ್ರಹ್ಲಾದರಾಯರು ಅವನ ಪಕ್ಕ ಬಂದು ಕುಳಿತರು. ಸಮಾಧಾನ ಮಾಡಲಿಕ್ಕೇ ಬಂದಿದ್ದರು ಪಾಪ.

"ಅಂವ ದಲಾಲ ಸುಳ್ಳ ಹೇಳಿದ್ನೇನೋ. ಏನಂದಿದ್ದ, ಅವನ ಮಾತಿನ್ಯಾಗ ಬರೋಬ್ಬರಿ ಹೇಳ್ರಿ ನೋಡೂಣು."

ಈ ಕಥೆಯನ್ನು ಚನಮಲ್ಲಪ್ಪ ಸಾವಿರ ಸಲ ಹೇಳಿದ್ದ, ಆದರೆ ಕನ್ನಡದಲ್ಲಿ. ದಲಾಲನ ಮರಾಠಿ ಮಾತನ್ನು ಅವನ ಧಾಟಿಯಲ್ಲೇ ಹೇಳಿದ್ದು ಅದೇ ಮೊದಲು.

"ಹಾ ವಿಮಾ ಮಾಲ ಆಹೇ, ನೀಟ ಬಾಂಧಾ."

ಅಂದವನ ಬಾಯಿ ಹಾಗೇ ನಿಂತಿತು. ವಿಮಾ. ಐವತ್ತೆಂಟರಲ್ಲಿ ಓಣಿಯಲ್ಲಿ ಆ ಶಬ್ದ ಯಾರಿಗೂ ತಿಳಿದಿರಲಿಲ್ಲ. ಈಗ ಜಮಖಂಡಿಯಿಂದ ವಿಮಾ ಏಜೆಂಟ ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ಬರುತ್ತಾನೆ. ದಾರಿಯಲ್ಲಿ ಕಳೆದರೆ ಭರ್ತಿ ಸಿಗಲೆಂದು ದಲಾಲ ಮಾಲಿಗೆ ವಿಮೆ ಮಾಡಿಸಿದ್ದ, ಅದಕ್ಕೇ ನೆಟ್ಟಗೆ ಕಟ್ಟು ಎಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಸುಳ್ಳಾದರೆ ಶಾಪ ಹಾಕಲು ಒಬ್ಬನಾದರೂ ಸಿಗುತ್ತಿದ್ದ. ಪ್ರಹ್ಲಾದರಾಯರು ಮೆಲ್ಲಗೆ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮನೆಯಲ್ಲಿ ಅನಸವ್ವ ನೀರು ಕೊಟ್ಟು ಎದುರಿಗೆ ಕುಳಿತಳು. ಚನಮಲ್ಲಪ್ಪ ಮುಚ್ಚಿಡದೆ ಎಲ್ಲ ಹೇಳಿದ.

"ವಿಮಾ ಅಂದ್ರ ಏನ್ರೀ?" ಎಂದಳು ಅವಳು.

"ಕಳಕೊಂಡದ್ದನ್ನ ಭರ್ತಿ ಮಾಡಿ ಕೊಡತಾರ, ಅದಕ್ಕ ವಿಮಾ ಅಂತಾರ."

ಅನಸವ್ವ ತನ್ನ ಬೆರಳು ನೋಡಿಕೊಂಡಳು. "ಹದಿನಾಕ ವರ್ಷ ಕಳದಾವಲ್ರೀ. ಅವನ್ನ ಯಾರು ಭರ್ತಿ ಮಾಡಿ ಕೊಡತಾರ?"

ಮರುದಿನ ಧರೆಪ್ಪನನ್ನು ಕರೆದು, ಕೊಟ್ಟ ಮಾತಿನಂತೆ ತಾನೇ ಬೆಣೆ ಬಡಿದು ಮಗ್ಗ ಬಿಚ್ಚಿದ. ಗೆದ್ದ ಖುಷಿ ಧರೆಪ್ಪನ ಮುಖದಲ್ಲೂ ಇರಲಿಲ್ಲ. ಮಧ್ಯಾಹ್ನದೊಳಗೆ ಆಳುಗಳು ಕುಣಿಗೆ ಮಣ್ಣು ತುಂಬಿ, ತುಳಿದು, ಸಗಣಿ ಸಾರಿಸಿದರು. ಸಂಜೆ ಅನಸವ್ವ ಚಹ ತಂದಳು. ಚನಮಲ್ಲಪ್ಪ ರೂಢಿಯಂತೆ ಅದೇ ಜಾಗದಲ್ಲಿ ಕುಳಿತ. ಚಹದ ಕಪ್ಪು-ಬಸಿ ಕೈಯಲ್ಲಿ ಹಿಡಿದುಕೊಂಡು ಒಮ್ಮೆ ಕಾಲು ಚಾಚಿದ, ಒಮ್ಮೆ ಮಡಚಿದ, ಮತ್ತೆ ಚಾಚಿದ. ಕಾಲು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.