ಗುತ್ತಲದ ಅಜ್ಜಿ ಹೇಳಿದ ಹೆಸರು

ಗೆಳೆಯರೇ, ಹಾವೇರಿಯ ಆಸ್ಪತ್ರೆಯೊಂದರಿಂದ ಈಗಷ್ಟೇ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಚೀಟಿ ಮಾಡಿಸುವ ಸಾಲಿನಲ್ಲಿ ನನ್ನ ಮುಂದೆ ಅಜ್ಜಿಯೊಬ್ಬರಿದ್ದರು. ಉಸಿರಿಗೆ ಒದ್ದಾಡುತ್ತಿದ್ದ ಗಂಡನನ್ನು ಬೆಂಚಿನ ಮೇಲೆ ಮಲಗಿಸಿ ಬಂದಿದ್ದರು.

"ಪೇಶಂಟ್ ಹೆಸರು?" ಕೌಂಟರಿನ ಹುಡುಗಿ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

"ಗುತ್ತಲದಿಂದ ಬಂದೇವವ್ವಾ. ನಮ್ಮ ಯಜಮಾನ್ರು... ನಮ್ಮಲ್ಲಿ ಗಂಡನ ಹೆಸರು ಹೇಳಂಗಿಲ್ಲ."

"ಹೇಳಂಗಿಲ್ಲಂದ್ರ ಆ ಕಡೆ ಸರೀರಿ."

"ನಾನು ಅಜ್ಜನ್ನ ಕೇಳಿ ಬರ್ತೇನ್ರಿ" ಎಂದೆ.

"ನಿಮ್ಮನ್ನ ಯಾರು ಕೇಳ್ಯಾರ?"

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಚನ್ನಬಸಪ್ಪ" ಎಂದರು.

"ಜೋರಾಗಿ ಹೇಳ್ರಿ!"

ಈ ಸಲ ಎಲ್ಲರಿಗೂ ಕೇಳಿಸಿತು. ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದರು.

ಬಹಳ ಹೊತ್ತಿನ ಮೇಲೆ ಅವರ ಪಾಳಿ ಬಂತು. ಅದೇ ಹುಡುಗಿ ಕೂಗಿದಳು: "ಏ ಗುತ್ತಲದ ಪೇಶಂಟ್, ಲಗೂ ಬರ್ರಿ!"

ಆ ಹೆಸರು ಯಾತಕ್ಕೆ ಬೇಕಿತ್ತು, ತಾಯಿ?