ಕೇಳಿಸಲಿಲ್ಲವೆಂದ ಮಾತು

ಕೋಲಾರದ ಟ್ರೈನಿಂಗ್ ಸ್ಕೂಲಿಗೆ ಸೇರಿದಾಗ ನನಗೆ ಹತ್ತೊಂಬತ್ತು. ಯುದ್ಧ ಶುರುವಾಗಿದ್ದ ಕಾಲ. ನನಗೆ ಹದಿನಾರಾಗಿದ್ದಾಗಲೇ ಗಂಡ ತೀರಿಕೊಂಡಿದ್ದರು. ಆಮೇಲಿನ ಮೂರು ವರ್ಷ ಶ್ರೀನಿವಾಸಪುರದ ಸೋದರಮಾವನ ಮನೆಯಲ್ಲಿ, ಅಡುಗೆಮನೆಗೂ ಹಿತ್ತಿಲಿಗೂ ಓಡಾಡಿಕೊಂಡು ಕಳೆದೆ. ಗಟ್ಟಿಯಾಗಿ ಮಾತಾಡಬೇಡ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನಾನು ಮಾತಾಡಿದಾಗ ಅತ್ತೆ ಕೆಲಸ ನಿಲ್ಲಿಸಿ ಒಮ್ಮೆ ನೋಡುತ್ತಿದ್ದರು, ಅಷ್ಟೆ. ಅಷ್ಟಕ್ಕೇ ನನ್ನ ದನಿ ಇಳಿದುಹೋಯಿತು. ಕೊನೆಗೆ ಮಾವನೇ ಹಟ ಹಿಡಿದು ಕೋಲಾರಕ್ಕೆ ಕಳಿಸಿದರು.

ಅಲ್ಲಿ ನನ್ನ ಮೊದಲ ಪಾಠದ ದಿನ ಸೂಪರಿಂಟೆಂಡೆಂಟಮ್ಮ ಹಿಂದಿನ ಗೋಡೆಯ ಹತ್ತಿರ ನಿಂತರು. ಕೇಳಿಸದಿದ್ದರೆ ಕೈ ಎತ್ತುತ್ತೇನೆ ಎಂದಿದ್ದರು. ಎತ್ತಿದ ಕೈಯನ್ನು ಗಂಟೆ ಹೊಡೆಯುವವರೆಗೂ ಅವರು ಇಳಿಸಲೇ ಇಲ್ಲ.

ಆರು ವಾರದ ಅಭ್ಯಾಸಕ್ಕೆಂದು ನನ್ನನ್ನು ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಹಾಕಿದರು. ಮೊದಲು ಹಿಂದೆ ಕೂತು, ಮೇಷ್ಟ್ರು ಪಾಠ ಮಾಡುವುದನ್ನು ನೋಡಿ ಬರೆದುಕೊಳ್ಳಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಮೇಷ್ಟ್ರು ಮೈಸೂರಿನ ಕಡೆಯವರು, ಐವತ್ತರ ಹತ್ತಿರದವರು. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಆದರೆ ಅವರಿಗೆ ತೆಲುಗು ಬಾರದು, ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗಾಡುವವರು. ಶಾಲೆಯಲ್ಲಿ ಕನ್ನಡದಲ್ಲೇ ಮಾತಾಡಬೇಕೆಂದು ಅವರು ಕಟ್ಟುಮಾಡಿದ್ದರು. ನನಗೆ ಶ್ರೀನಿವಾಸಪುರದಲ್ಲಿದ್ದಾಗಲೇ ತೆಲುಗು ಬಂದಿತ್ತು.

ಎರಡನೆಯ ವಾರ, ಒಂದು ಬುಧವಾರ, ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಬೈರಕೂರು ದಾರಿಯ ಹಳ್ಳಿಯಿಂದ ನಡೆದು ಬರುತ್ತಿದ್ದವಳು, ಎಂಟು ವರ್ಷವಿರಬಹುದು.

"ಕಡುಪು ನೊಸ್ತಾಂದಿ. ಇಂಟಿಕಿ ಪೋತಾ," ಎಂದಳು.

"ಕನ್ನಡದಲ್ಲಿ ಹೇಳಮ್ಮ," ಎಂದರು ಮೇಷ್ಟ್ರು, ಮೆತ್ತಗೆ.

ಅವಳು ಅದನ್ನೇ ಮತ್ತೆ ಹೇಳಿದಳು. ಮೇಷ್ಟ್ರು ಕಾದರು. ಕಲಿಯಲಿ ಎಂದೇ ಕಾದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು, ಆದರೆ ಮೇಷ್ಟ್ರ ಕಡೆಯಿಂದ ನೋಡಿದರೆ ಸ್ಲೇಟು ಅಡ್ಡವಾಗಿತ್ತು. ಹಿಂದೆ ಒಂದು ಮೂಲೆಯಲ್ಲಿದ್ದ ನನಗೆ ಪಕ್ಕದಿಂದ ಕಾಣುತ್ತಿತ್ತು. ಹೊಟ್ಟೆನೋವು, ಮನೆಗೆ ಹೋಗ್ತೀನಿ ಅಂತಿದ್ದಾಳೆ ಮೇಷ್ಟ್ರೇ. ಇಷ್ಟೇ ಹೇಳಬೇಕಿತ್ತು. ಬಾಯಿ ಹಾಕುವಂತಿಲ್ಲ ಎಂಬ ನಿಯಮ ನೆನಪಾಯಿತು, ಅತ್ತೆಯ ನೋಟವೂ ನೆನಪಾಯಿತು. ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ, 'ಉಪಾಧ್ಯಾಯರು ತಾಳ್ಮೆಯಿಂದ ಉತ್ತರಕ್ಕಾಗಿ ಕಾಯುತ್ತಾರೆ' ಎಂದು ಬರೆದೆ. ಹುಡುಗಿ ಕೂತಳು. ಸಂಜೆಯವರೆಗೂ ಕೂತೇ ಇದ್ದಳು.

ಮಾರನೆಯ ದಿನ ಅವಳು ಬರಲಿಲ್ಲ. ಸೋಮವಾರ ಅದೇ ಹಳ್ಳಿಯ ಇನ್ನೊಂದು ಮಗು ಬಂದು, ಅವಳು ಹೋಗಿಬಿಟ್ಟಳು ಎಂದಿತು. ಹೊಟ್ಟೆ ಉಬ್ಬಿ, ಜ್ವರ ಏರಿ, ಶನಿವಾರ ಪ್ರಾಣ ಹೋಗಿತ್ತು.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಮೇಷ್ಟ್ರು ನನ್ನನ್ನು ಕರೆದರು.

"ಅವತ್ತು ಅವಳು ಎದ್ದು ಏನೋ ಹೇಳಿದಳಲ್ಲಮ್ಮ, ಏನದು? ನಿಮಗೆ ಕೇಳಿಸ್ತಾ?"

"ಇಲ್ಲ ಮೇಷ್ಟ್ರೇ. ನಂಗೂ ಕೇಳಿಸ್ಲಿಲ್ಲ."

ಅಷ್ಟು ಸ್ಪಷ್ಟವಾಗಿ ನಾನು ಆ ಊರಿನಲ್ಲಿ ಅದುವರೆಗೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಆ ಕೋಣೆಯೊಳಗೆ ಕಾಲಿಡುವುದೇ ಕಷ್ಟವಾಯಿತು. ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವಾಗ ಮೂರನೇ ಸಾಲಿನಿಂದ ಬೇರೊಂದು ದನಿ ಕೇಳಿದಂತಾಗುತ್ತಿತ್ತು. ಮಗ್ಗಿ ನಿಂತರೂ ಅದು ನಿಲ್ಲುತ್ತಿರಲಿಲ್ಲ. ಆ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಮಕ್ಕಳು ಸರಿದು ಕೂತು, ಒಂದು ಮೈಯಷ್ಟು ಅಗಲ ಬಿಟ್ಟಿದ್ದರು. ನಾನು ಪಾಠ ಮಾಡುವ ಸರದಿ ಬಂದಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಕೊನೆಯ ವಾರ ನನ್ನ ಪರೀಕ್ಷೆಯ ಪಾಠ. ಕೋಲಾರದಿಂದ ಸೂಪರಿಂಟೆಂಡೆಂಟಮ್ಮ ಬಂದು ಹಿಂದಿನ ಗೋಡೆಯ ಹತ್ತಿರ ನಿಂತರು. ಮೇಷ್ಟ್ರು ಬಾಗಿಲ ಬಳಿ ಇದ್ದರು. ಪಾಠ ಅರ್ಧಕ್ಕೆ ಬಂದಿತ್ತು. ಸಣ್ಣ ಮಗುವೊಂದು ಎದ್ದು, "ದಪ್ಪಿಕವ್ತಾಂದಿ," ಎಂದಿತು.

"ಕನ್ನಡದಲ್ಲಿ," ಎಂದರು ಮೇಷ್ಟ್ರು, ಅಭ್ಯಾಸಬಲದಿಂದ.

"ಬೇಡಿ ಮೇಷ್ಟ್ರೇ," ಎಂದೆ. "ಬಾಯಾರಿಕೆ ಅಂತಿದೆ ಮಗು. ನಂಗೆ ಅರ್ಥವಾಗ್ತದೆ." ಮಗುವನ್ನು ನೀರಿಗೆ ಕಳಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಲಾಗಲಿಲ್ಲ. "ಅವತ್ತೂ ನಂಗೆ ಕೇಳಿಸಿತ್ತು. ಹೊಟ್ಟೆನೋವು, ಮನೆಗೆ ಹೋಗ್ತೀನಿ ಅಂದಿದ್ದಳು. ನಾನು ನಿಮಗೆ ಸುಳ್ಳು ಹೇಳ್ದೆ."

ಸೂಪರಿಂಟೆಂಡೆಂಟಮ್ಮ ಕೈ ಎತ್ತಲಿಲ್ಲ. ಏನು ವಿಷಯವೆಂದು ಅವರಿಗೆ ತಿಳಿದಿರಲಿಲ್ಲ. "ಪಾಠ ಮುಂದುವರಿಸಿ," ಎಂದರು. ಮುಂದುವರಿಸಿದೆ. ಪಾಸಾದೆ.

ಪಾಠ ಮುಗಿಸಿ ಹೊರಗೆ ಬಂದಾಗ ಮೇಷ್ಟ್ರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಬೈಯುತ್ತಾರೆಂದು ಕಾದೆ.

"ನೀವು ಹೇಳಿದ್ರೆ ಕಳಿಸಿಬಿಡ್ತಿದ್ದೆನಮ್ಮ," ಎಂದರು. "ನಾನೂ ಪಕ್ಕದ ಮಗುವನ್ನಾದರೂ ಕೇಳಬಹುದಿತ್ತು," ಎಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. ಆಮೇಲೆ, "ಅವರ ಮನೆಗೆ ಹೋಗಬೇಕು. ನನಗೆ ಭಾಷೆ ಬರೋದಿಲ್ಲ. ನೀವೂ ಬನ್ನಿ," ಎಂದರು.

ಭಾನುವಾರ ಮೇಷ್ಟ್ರು, ಅವರ ಹೆಂಡತಿ, ನಾನು ಎತ್ತಿನ ಗಾಡಿಯಲ್ಲಿ ಹೊರಟೆವು. ಹುಡುಗಿಯ ತಾಯಿ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಚಾಪೆ ಹಾಸಿದರು. ನಾನು ತೆಲುಗಿನಲ್ಲಿ, ಒಂದನ್ನೂ ಬಿಡದೆ, ಎಲ್ಲ ಹೇಳಿದೆ: ಅವಳು ಎದ್ದದ್ದು, ಎರಡು ಸಲ ಹೇಳಿದ್ದು, ನನಗೆ ಅರ್ಥವಾದದ್ದು, ನಾನು ಬಾಯಿ ಬಿಡದೆ ಇದ್ದದ್ದು. ತಾಯಿ ಕೈಯಲ್ಲಿದ್ದ ಹಣ್ಣನ್ನು ನೋಡುತ್ತ ಕೇಳಿಸಿಕೊಂಡರು.

"ಪೊದ್ದನ್ನೇ ನಾಕೂ ಚೆಪ್ಪಿಂದಮ್ಮಾ," ಎಂದರು. "ನೇನೇ ಬಡಿಕಿ ಪಂಪಿಸ್ತಿನಿ."

ಬೆಳಿಗ್ಗೆ ತಾಯಿಗೂ ಹೇಳಿದ್ದಳು. ಶಾಲೆಗೆ ಹೋದರೆ ಸರಿಹೋಗುತ್ತದೆ ಎಂದು ತಾಯಿಯೇ ಕಳಿಸಿದ್ದರು.

ಏನೆಂದರು ಎಂದು ಮೇಷ್ಟ್ರು ನನ್ನ ಮುಖ ನೋಡಿದರು. ಕನ್ನಡದಲ್ಲಿ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಆ ಮಾತಿನಿಂದ ನಮ್ಮಿಬ್ಬರ ಭಾರ ಇಳಿಯಬಹುದೆಂದು ಯಾರಾದರೂ ತಿಳಿದಾರು. ಇಳಿಯಲಿಲ್ಲ. ಇಂದಿಗೂ ಇಳಿದಿಲ್ಲ.

ಹೊರಡಲು ಎದ್ದಾಗ ತಾಯಿ ನನ್ನ ಸೆರಗು ಹಿಡಿದರು. ಅವತ್ತು ಯಾವ ಪಾಠ ನಡೆದಿತ್ತು, ಮಗಳು ಪಕ್ಕದಲ್ಲಿ ಯಾರ ಜೊತೆ ಕೂತಿದ್ದಳು, ಒಂದು ಸಲವಾದರೂ ನಕ್ಕಳೇ ಎಂದು ಕೇಳಿದರು. ನನಗೆ ನೆನಪಿದ್ದಷ್ಟನ್ನೂ ಹೇಳಿದೆ. ಗಾಡಿಯವನು ಹೊತ್ತಾಯಿತೆಂದು ಎರಡು ಸಲ ಕರೆದ. ತಾಯಿ ಸೆರಗು ಬಿಡದೆ, ಇನ್ನೊಂದು ಸಲ ಮೊದಲಿನಿಂದ ಹೇಳಮ್ಮ ಎಂದರು. ನಾನು ಮತ್ತೆ ಕೂತು, ಮೊದಲಿನಿಂದ ಹೇಳಿದೆ.